ರಯಾನ್ ಮೇಸನ್‌ಗೆ ಸ್ಪರ್ಸ್ ಕೆಲಸ ಪರ್ಮನೆಂಟ್ ಆಗಿ ಕೊಡ್ಬೇಕಾ?

ಲಿಲಿವೈಟ್_ಜಯನಗರ (29 ಮೇ 2023)

ನಿನ್ನೆ ಅಹ್ಮದಾಬಾದ್‌ನಲ್ಲಿ ಮಳೆ ಬಂದು ಐಪಿಎಲ್ ಫೈನಲ್ ಇವತ್ತಿಗೆ ಹೋಯ್ತಲ್ಲ, ಅದ್ರಿಂದ ಮನೇಲಿ ರಿಮೋಟ್ ನನ್ನ ಕೈಗೆ ಸಿಕ್ಕಿ ನಮ್ಮ ಸ್ಪರ್ಸ್ (ಲಂಡನ್‌ನ ಟಾಟನ್‌ಹ್ಯಾಮ್ ಫುಟ್ಬಾಲ್ ಕ್ಲಬ್) ಲೀಡ್ಸ್ ಮೇಲೆ ಆಡಿದ ಸೀಸನ್‌ನ ಕೊನೇ ಮ್ಯಾಚ್ ಪೂರ್ತಿ ನೋಡಿದೆ. 4-1. ಕೇನ್ ಎರಡನೇ ನಿಮಿಷಕ್ಕೇ ಹೊಡೆದ, ಆಮೇಲೆ ಪೊರ್ರೋ, ಮತ್ತೆ ಕೇನ್, ಕೊನೇಲಿ ಲೂಕಸ್ ಮೌರಾ ಕ್ಲಬ್ ಬಿಟ್ಟು ಹೋಗೋ ಮುಂಚೆ ಒಬ್ನೇ ಎಲ್ಲರನ್ನೂ ದಾಟ್ಕೊಂಡು ಹೋಗಿ ಒಂದು ಗೋಲ್. ಗೆದ್ರೂ ಪ್ರೀಮಿಯರ್ ಲೀಗಲ್ಲಿ 8ನೇ ಸ್ಥಾನ, ಮುಂದಿನ ಸೀಸನ್ ಯುರೋಪಿನ ಯಾವ ಟೂರ್ನಿನೂ ಇಲ್ಲ, ಅದ್ರಲ್ಲಿ ಕೊನೇದಾದ ಕಾನ್ಫರೆನ್ಸ್ ಲೀಗೂ ಇಲ್ಲ.

ಸದ್ಯಕ್ಕೆ ಮೇಸನ್ ಹಂಗಾಮಿ ಕೋಚ್, ಈಗ ಪರ್ಮನೆಂಟ್ ಕೋಚ್ ಯಾರು ಅನ್ನೋ ಪ್ರಶ್ನೆ. ಜರ್ಮನ್ ಕೋಚ್ ನಾಗೆಲ್ಸ್‌ಮನ್ ಬರಲ್ಲ ಅಂತಾಯ್ತು, ಸ್ಲಾಟ್ ಹಾಲೆಂಡ್‌ನ ಫೆಯೆನೂರ್ಡ್ ಕ್ಲಬ್‌ನಲ್ಲೇ ಇರ್ತೀನಿ ಅಂದ, ನಮ್ಮ ಹಳೇ ಕೋಚ್ ಪೊಚೆಟಿನೊ ಚೆಲ್ಸಿಗೆ ಹೋಗೋದು ಪಕ್ಕಾ ಅಂತಿದಾರೆ. ಹೊರಗಡೆಯವ್ರನ್ನೆಲ್ಲ ಕೇಳಿ ಕೇಳಿ ಇಲ್ಲ ಅನ್ನಿಸ್ಕೊಳ್ಳೋ ಬದಲು ಮನೇಲೇ ಇರೋ ಹುಡುಗನಿಗೆ ಯಾಕೆ ಕೊಡ್ಬಾರ್ದು?

ಮೇಸನ್ ಕಥೆ ಗೊತ್ತಿಲ್ಲದವ್ರಿಗೆ ಹೇಳ್ತೀನಿ. ಎಂಟು ವರ್ಷದವನಿದ್ದಾಗ್ಲೇ ಸ್ಪರ್ಸ್ ಅಕಾಡೆಮಿಗೆ ಬಂದವನು, ಸುಮಾರು ವರ್ಷ ಲೋನ್ ಮೇಲೆ ಬೇರೆ ಕ್ಲಬ್‌ಗಳಲ್ಲಿ ಅಲ್ಲಿ ಇಲ್ಲಿ ಅಲೆದು ಪೊಚೆಟಿನೊ ಕಾಲದಲ್ಲಿ ಫಸ್ಟ್ ಟೀಮಲ್ಲಿ ಜಾಗ ಮಾಡ್ಕೊಂಡು ಇಂಗ್ಲೆಂಡ್‌ಗೂ ಒಂದು ಮ್ಯಾಚ್ ಆಡಿದ. ಹಲ್ ಸಿಟಿಗೆ ಹೋದ್ಮೇಲೆ 2017ರ ಜನವರೀಲಿ ಚೆಲ್ಸಿ ಗ್ರೌಂಡ್ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಅವ್ರ ಡಿಫೆಂಡರ್ ಕೇಹಿಲ್ ತಲೆಗೂ ಇವನ ತಲೆಗೂ ಡಿಕ್ಕಿ ಆಗಿ ತಲೆಬುರುಡೆ ಒಡೀತು. ಅವತ್ತು ಬದುಕಿದ್ದೇ ದೊಡ್ಡದು. 2018ರ ಫೆಬ್ರವರೀಲಿ 26ನೇ ವಯಸ್ಸಿಗೆ ಆಟ ಬಿಟ್ಟ, ಎರಡು ತಿಂಗಳಲ್ಲಿ ಸ್ಪರ್ಸ್ ಅಕಾಡೆಮಿಗೆ ಕೋಚ್ ಆಗಿ ವಾಪಸ್ ಬಂದ. 2021ರಲ್ಲಿ ಕೋಚ್ ಮೊರಿನ್ಯೊನ ತೆಗೆದಾಗ 29ನೇ ವಯಸ್ಸಿಗೆ ಪ್ರೀಮಿಯರ್ ಲೀಗ್‌ನ ಅತಿ ಚಿಕ್ಕ ವಯಸ್ಸಿನ ಮ್ಯಾನೇಜರ್ ಆಗಿ ಆರು ಲೀಗ್ ಮ್ಯಾಚಲ್ಲಿ ನಾಲ್ಕು ಗೆದ್ದ. ಈಗ ಕೋಚ್ ಕಾಂಟೆ ಹೋಗಿ, ಅವ್ರ ಜಾಗಕ್ಕೆ ಬಂದ ಅಸಿಸ್ಟೆಂಟ್ ಸ್ಟೆಲ್ಲಿನಿನೂ ಹೋಗಿ, ಮತ್ತೆ ಇವನನ್ನೇ ಕರೆದ್ರು. ಎರಡು ಸಲ ಮನೆಗೆ ಬೆಂಕಿ ಬಿದ್ದಾಗ ನೀರು ಹೊರೋಕೆ ಬೇಕು, ಬೆಂಕಿ ಆರಿದ್ಮೇಲೆ ಬೇಡ ಅಂದ್ರೆ ಹೇಗೆ? ಕೆಲಸ ಬೇಕು ಅನ್ನೋದನ್ನ ಅವನೂ ಮುಚ್ಚಿಟ್ಟಿಲ್ಲ.

ನನಗೆ ಅವನಿಗೇ ಕೊಡ್ಬೇಕು ಅನ್ಸುತ್ತೆ. ನೀವೇನಂತೀರ?

---

ಆಸ್ಟಿನ್‌ಟೌನ್_ವಿಂಗರ್

ಗುರು ಅವನ ಕಥೆ ಕೇಳಿ ಯಾರಿಗಾದ್ರೂ ಕರುಳು ಚುರ್ ಅನ್ನುತ್ತೆ, ಒಪ್ತೀನಿ. ಆದ್ರೆ ಕೆಲಸ ಕೊಡೋದು ಅದನ್ನ ನೋಡಿ ಅಲ್ಲ.

ಈ ಸಲದ ಆರು ಮ್ಯಾಚ್ ನೋಡು. ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 2-2, ಲಿವರ್‌ಪೂಲ್ ಹತ್ರ 4-3 ಸೋಲು, ಪ್ಯಾಲೇಸ್ ಮೇಲೆ 1-0, ವಿಲ್ಲಾ ಹತ್ರ 2-1 ಸೋಲು, ಬ್ರೆಂಟ್‌ಫರ್ಡ್ ಹತ್ರ ನಮ್ಮ ಗ್ರೌಂಡಲ್ಲೇ 3-1 ಸೋಲು, ನಿನ್ನೆ ಲೀಡ್ಸ್. 18 ಪಾಯಿಂಟಲ್ಲಿ 7. ಹೊಡೆದಿದ್ದು 12, ತಿಂದಿದ್ದು 12. ನಿನ್ನೇದನ್ನ ಲೆಕ್ಕಕ್ಕೆ ಹಿಡೀಬೇಡ, ಲೀಡ್ಸ್ ಅವತ್ತೇ ರೆಲಿಗೇಟ್ ಆಗಿ ಕೆಳಗಿನ ಲೀಗ್‌ಗೆ ಇಳಿದಿರೋ ಟೀಮು, ಕೈಕಾಲು ಬಿಟ್ಟು ಆಡ್ತಿತ್ತು.

ಮತ್ತೆ ಆ ವಿಲ್ಲಾ ಮ್ಯಾಚ್. ಟೇಬಲ್‌ನಲ್ಲಿ ವಿಲ್ಲಾ 61 ಪಾಯಿಂಟ್, ನಾವು 60. ಅವತ್ತು ವಿಲ್ಲಾ ಪಾರ್ಕಲ್ಲಿ ಒಂದು ಡ್ರಾ ಮಾಡ್ಕೊಂಡು ಬಂದಿದ್ರೂ ಏಳನೇ ಸ್ಥಾನ ನಮ್ದಾಗ್ತಿತ್ತು. ಸೀಸನ್‌ನ ಅತಿ ಮುಖ್ಯ ಮ್ಯಾಚ್ ಅದು, ಅದ್ರಲ್ಲಿ ನಾವು ಏನು ಪ್ಲಾನ್ ಇಟ್ಕೊಂಡು ಇಳಿದ್ವಿ ಅಂತ ನನಗೆ ಕಾಣಲೇ ಇಲ್ಲ.

---

ಲಿಲಿವೈಟ್_ಜಯನಗರ

ಅದೆಲ್ಲ ಸರಿ, ಆದ್ರೆ ಅವನ ಕೈಗೆ ಬಂದಾಗ ಟೀಮ್ ಯಾವ ಸ್ಥಿತೀಲಿತ್ತು? ನ್ಯೂಕಾಸಲ್‌ನಲ್ಲಿ 21 ನಿಮಿಷಕ್ಕೆ 5-0, ಕೊನೆಗೆ 6-1. ಪ್ಲೇಯರ್‌ಗಳೇ ಅಲ್ಲಿಗೆ ಹೋಗಿದ್ದ ಫ್ಯಾನ್ಸ್‌ಗೆ ಟಿಕೆಟ್ ದುಡ್ಡು ವಾಪಸ್ ಕೊಡ್ತೀವಿ ಅಂದ ಮ್ಯಾಚ್ ಅದು. ಅದಾಗಿ ನಾಲ್ಕೇ ದಿನಕ್ಕೆ ಯುನೈಟೆಡ್ ಮೇಲೆ ಹಾಫ್ ಟೈಮ್‌ಗೆ 0-2 ಇದ್ದಿದ್ದನ್ನ 2-2 ಮಾಡಿದ್ರು. ಲಿವರ್‌ಪೂಲ್ ಗ್ರೌಂಡ್ ಆನ್‌ಫೀಲ್ಡ್‌ನಲ್ಲಿ 15 ನಿಮಿಷಕ್ಕೆ 3-0 ಹಿಂದೆ ಇದ್ದು 93ನೇ ನಿಮಿಷಕ್ಕೆ 3-3 ಮಾಡಿದ್ರು, ಆಮೇಲೆ ಅವ್ರ ಜೋಟಾ ಹೊಡೆದಿದ್ದು ನಮ್ಮ ಹಣೆಬರಹ. ತಲೆ ಬಗ್ಗಿಸಿ ಬಿದ್ದಿದ್ದ ಟೀಮು ಎದ್ದು ಹೋರಾಡ್ತಲ್ಲ, ಅದು ಕೋಚ್ ಮಾಡಿದ ಕೆಲಸ ಅಲ್ವಾ?

---

ಧಾರವಾಡ_ಗನ್ನರ್

ನಾ ಆರ್ಸೆನಲ್ ಕಡೆಯಾಂವ, ಆದ್ರೂ ಈ ವಿಷಯದಾಗ ಮನಸ್ನಿಂದ ಹೇಳ್ತೇನಿ ನೋಡ್ರಿ. 2019ರಾಗ ನಮಗೂ ಇದ ಪ್ರಶ್ನೆ ಬಂದಿತ್ತು. ಕೋಚ್ ಎಮೆರಿನ ತೆಗೆದ ಮ್ಯಾಲೆ ಲ್ಯೂಂಗ್‌ಬೆರಿ ಕೇರ್‌ಟೇಕರ್ (ಹಂಗಾಮಿ ಕೋಚ್) ಆದ, ಲೀಗಿನಾಗ ಒಂದೂ ಸೋಲದ ನಮ್ಮ ಇನ್‌ವಿನ್ಸಿಬಲ್ಸ್ ಟೀಮಿನಾಗ ಆಡಿದಾಂವ, ಫ್ಯಾನ್ಸಿಗೆ ಅವನ ಮ್ಯಾಲೆ ಜೀವ. ಆರು ಮ್ಯಾಚಿನಾಗ ಗೆದ್ದದ್ದು ಒಂದ. ಕ್ಲಬ್ಬಿನವರು ಪ್ರೀತಿಗೆ ಬಿದ್ದು ಅವಗ ಕೊಡಲಿಲ್ಲ, ಆರ್ಟೆಟಾನ ಕರ್ಕೊಂಡು ಬಂದ್ರು.

ಆರ್ಟೆಟಾನೂ ಹುಡುಗನ, ಆವಾಗ 37. ಆದ್ರ ಅಂವ ಮ್ಯಾಂಚೆಸ್ಟರ್ ಸಿಟಿ ಕೋಚ್ ಗ್ವಾರ್ಡಿಯೋಲಾ ಕೈಯಾಗ ಮೂರು ವರ್ಷ ಕಲ್ತು ಬಂದಿದ್ದ. ಬಂದ ಮ್ಯಾಲೂ 8ನೇ, ಮತ್ತ 8ನೇ, ಆಮೇಲೆ 5ನೇ, ಈ ವರ್ಷ 2ನೇ. ಎರಡು ಸಲ 8ನೇ ಸ್ಥಾನ ಬಂದಾಗ ನಮ್ಮ ಟೆಕ್ನಿಕಲ್ ಡೈರೆಕ್ಟರ್ ಎಡು ಆಟಗಾರರನ್ನ ಹುಡುಕಿ ತರ್ತಿದ್ದ, ಮಂಡಳಿ ಹಿಂದ ನಿಂತಿತ್ತು. ವಯಸ್ಸು ಸಣ್ಣದು ಅನ್ನೋದು ತೊಂದ್ರಿ ಅಲ್ಲರಿ, ಹುಡುಗನ್ನ ತಂದು ಕುಂಡ್ರಿಸಿದ ಮ್ಯಾಲೆ ಅವನ ಹಿಂದ ಯಾರು ನಿಂದರ್ತಾರ ಅನ್ನೋದು ಮುಖ್ಯ. ನಿಮ್ಮ ಚೇರ್ಮನ್ ಲೆವಿ ಎರಡು ವರ್ಷ 8ನೇ ಸ್ಥಾನ ಬಂದ್ರ ಸುಮ್ನ ಕುಂಡ್ರತಾರೇನು?

---

ವೆಸ್ಟ್‌ಬ್ಲಾಕ್_ಗಿರಿ

ಇಂಗ್ಲೆಂಡ್ ಯಾಕೆ, ನಮ್ಮಲ್ಲೇ ಉದಾಹರಣೆ ಇದೆ. 2021ರ ಜನವರೀಲಿ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಕೋಚ್ ಕ್ವಾದ್ರಾತ್‌ನ ಬಿಟ್ಟಾಗ ನೌಶಾದ್ ಮೂಸಾ ಇಂಟರಿಮ್ (ಹಂಗಾಮಿ) ಕೋಚ್ ಆದ್ರು. ಬಿ ಟೀಮ್ ಹುಡುಗರನ್ನ ಬೆಳೆಸಿದವ್ರು, ಕ್ಲಬ್ ಒಳಗೂ ಹೊರಗೂ ಗೊತ್ತಿದ್ದವ್ರು. ಸೀಸನ್ 7ನೇ ಸ್ಥಾನದಲ್ಲಿ ಮುಗೀತು, ಅಷ್ಟರಲ್ಲೇ ಹೊಸ ಕೋಚ್ ಅಂತ ಪೆಜ್ಜಾಯುಓಲಿ ಹೆಸರು ಅನೌನ್ಸ್ ಆಗಿತ್ತು.

ಅದೇ ತಿಂಗಳು ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಖಾಲಿದ್ ಜಮೀಲ್ ಇಂಟರಿಮ್ ಆಗಿದ್ರಲ್ಲ, ಅವ್ರು ಲೀಗ್ ಹಂತದಲ್ಲಿ ಒಂದೂ ಸೋಲದೆ ಟೀಮನ್ನ ಸೆಮಿಫೈನಲ್‌ಗೆ ತಗೊಂಡು ಹೋದ್ರು. ಕ್ಲಬ್‌ನವ್ರು ಪರ್ಮನೆಂಟ್ ಮಾಡಿದ್ರು, ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಪರ್ಮನೆಂಟ್ ಹೆಡ್ ಕೋಚ್ ಆದ ಮೊದಲ ಭಾರತೀಯ, ನಮಗೆಲ್ಲ ಅವತ್ತು ಎಷ್ಟು ಖುಷಿ ಆಗಿತ್ತು ಅಂದ್ರೆ ಅವ್ರು ನಮ್ಮ ಎದುರಾಳಿ ಟೀಮು ಅನ್ನೋದೂ ಮರೆತುಹೋಗಿತ್ತು. ಆದ್ರೆ ಮುಂದಿನ ಸೀಸನ್ 11 ಟೀಮಲ್ಲಿ 10ನೇ ಸ್ಥಾನ. ಅದೇ ಮನುಷ್ಯ, ಅದೇ ತಲೆ. ನಡು ಸೀಸನ್‌ನಲ್ಲಿ ಬಂದು ಹೆದರಿರೋ ಹುಡುಗರನ್ನ ಹುರಿದುಂಬಿಸೋದೇ ಬೇರೆ, ಜೂನ್‌ನಿಂದ ಶುರು ಮಾಡಿ ಪ್ಲೇಯರ್ ಆರಿಸಿ, ಪ್ರೀ ಸೀಸನ್ ನಡೆಸಿ, ಸತತ ನಾಲ್ಕು ಸೋತಾಗ ಡ್ರೆಸ್ಸಿಂಗ್ ರೂಮ್ ಹಿಡಿದಿಟ್ಕೊಳ್ಳೋದೇ ಬೇರೆ.

ಹಾಗಂತ ಜಮೀಲ್‌ಗೆ ಕೊಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ಅವ್ರು ಐಝ್ವಾಲ್‌ಗೆ ಐ-ಲೀಗ್ ಗೆಲ್ಲಿಸಿದ್ದವ್ರು, ಕೈಯಲ್ಲಿ ಕೆಲಸದ ಅನುಭವ ಇತ್ತು. ಮೇಸನ್ ಇನ್ನೂ ಎಲ್ಲೂ ಒಂದು ಪೂರ್ತಿ ಸೀಸನ್ ನಡೆಸಿಲ್ಲ.

---

ಕೊಪ್ಪ_ಕಾಫಿ_ಕೇನ್

ಎಲ್ರೂ ಸೋತವ್ರ ಉದಾಹರಣೆನೇ ಕೊಡ್ತಿದೀರ. ನಾಗೆಲ್ಸ್‌ಮನ್ ಹೇಗೆ ನಾಗೆಲ್ಸ್‌ಮನ್ ಆದ? 2016ರ ಫೆಬ್ರವರೀಲಿ ಜರ್ಮನಿಯ ಹೋಫನ್‌ಹೈಮ್ ಕ್ಲಬ್ ಟೇಬಲ್ ಕೆಳಗೆ ಮುಳುಗ್ತಾ ಇತ್ತು, ಕೋಚ್ ಸ್ಟೀವನ್ಸ್ ಆರೋಗ್ಯ ಸರಿಯಿಲ್ಲ ಅಂತ ಬಿಟ್ರು, 28 ವರ್ಷದ ಯೂತ್ ಕೋಚ್ ಕೈಗೆ ಟೀಮ್ ಕೊಟ್ರು. ಉಳಿಸಿದ. ಮುಂದಿನ ವರ್ಷ 4ನೇ, ಅದರ ಮುಂದಿನ ವರ್ಷ 3ನೇ. ಇವತ್ತು ನಾವು ಅವನ ಹಿಂದೆ ಓಡ್ತಿದೀವಲ್ಲ, ಅವನಿಗೆ ಮೊದಲ ಅವಕಾಶ ಕೊಟ್ಟವ್ರು ಅನುಭವ ಎಲ್ಲಿ ಅಂತ ಕೇಳಿದ್ರೆ ಅವನು ಇವತ್ತು ಎಲ್ಲಿರ್ತಿದ್ದ?

ಈ ಸೀಸನ್ನೇ ತಗೊಳ್ಳಿ, ಲಿವರ್‌ಪೂಲ್ ಹತ್ರ 9-0 ತಿಂದು ಬೋರ್ನ್‌ಮತ್ ಕೋಚ್ ಪಾರ್ಕರ್‌ನ ತೆಗೀತು, ಗ್ಯಾರಿ ಓನೀಲ್ ಕೇರ್‌ಟೇಕರ್ ಆದ, ನವೆಂಬರ್‌ನಲ್ಲಿ ಪರ್ಮನೆಂಟ್ ಮಾಡಿದ್ರು, ಎಲ್ರೂ ಇವ್ರು ಇಳಿದೇ ಇಳೀತಾರೆ ಅಂತಿದ್ರು, ಈಗ 15ನೇ ಸ್ಥಾನದಲ್ಲಿ ಆರಾಮಾಗಿ ಉಳ್ಕೊಂಡಿದಾರೆ.

ಮತ್ತೆ ಮೇಸನ್ ಹತ್ರ ಯೋಚನೆನೇ ಇಲ್ಲ ಅಂತ ಹೇಳೋದು ಅನ್ಯಾಯ. ಪ್ಯಾಲೇಸ್ ಮೇಲೆ ಕಾಂಟೆ ಕಾಲದ ಮೂರು ಡಿಫೆಂಡರ್ ಲೆಕ್ಕ ಬಿಟ್ಟು ನಾಲ್ಕು ಜನರನ್ನ ಹಾಕಿ ಪೊರ್ರೋನ ಮುಂದೆ ತಳ್ಳಿದ, ಪೊರ್ರೋ ಕ್ರಾಸ್‌ಗೆ ಕೇನ್ ಹೆಡರ್, ಅದು ಕೇನ್‌ನ 209ನೇ ಪ್ರೀಮಿಯರ್ ಲೀಗ್ ಗೋಲ್, ರೂನಿನ ದಾಟಿದ್ದು. ಈ ಆರು ಮ್ಯಾಚಲ್ಲಿ ಗೋಲ್ ತಿನ್ನದೇ ಇದ್ದದ್ದೂ ಅವತ್ತು ಒಂದೇ.

---

ಆಸ್ಟಿನ್‌ಟೌನ್_ವಿಂಗರ್

ಸರಿ, ಅದೇ ಫಾರ್ಮೇಶನ್ ಕೆಲಸ ಮಾಡ್ತು ಅಂದ್ಮೇಲೆ ಮುಂದಿನ ಎರಡು ಮ್ಯಾಚ್ ಯಾಕೆ ಸೋತ್ವಿ ಹೇಳು. ಮತ್ತೆ ನಾಗೆಲ್ಸ್‌ಮನ್‌ನ ಮುಂದಿನ ಸೀಸನ್‌ಗೆ ಕೋಚ್ ಅಂತ ಹೋಫನ್‌ಹೈಮ್ ಮುಂಚೇನೇ ಆರಿಸಿತ್ತು, ಸ್ಟೀವನ್ಸ್ ಬಿಟ್ಟಿದ್ರಿಂದ ನಾಲ್ಕು ತಿಂಗಳು ಮುಂಚೆ ಬಂದ ಅಷ್ಟೇ. ಅಲ್ಲಿ ಯೋಜನೆ ಇತ್ತು. ನಮ್ಮಲ್ಲಿ ಬೇರೆಯವ್ರೆಲ್ಲ ಬೇಡ ಅಂದಿದ್ದಕ್ಕೆ ಇವನು ಅನ್ನೋ ಹಾಗಾಗುತ್ತೆ. ಹಾಗೆ ಕೆಲಸ ಸಿಕ್ಕವನ ಮಾತನ್ನ ಡ್ರೆಸ್ಸಿಂಗ್ ರೂಮಲ್ಲಿ ಎಷ್ಟು ದಿನ ಕೇಳ್ತಾರೆ? ಲೋರಿಸ್‌ಗೆ 36, ಪೆರಿಸಿಚ್‌ಗೆ 34, ಇಬ್ರೂ ಇವನಿಗಿಂತ ದೊಡ್ಡವ್ರು.

ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹಂಗಾಮಿ ಕೋಚ್ ಆಗಿ ಬಂದ ಸೋಲ್‌ಶಾರ್‌ದು ಮರೀಬೇಡಿ. 19ರಲ್ಲಿ 14 ಗೆದ್ದು, ಪ್ಯಾರಿಸ್‌ನಲ್ಲಿ ಪಿಎಸ್‌ಜಿನ ಸೋಲಿಸಿ, 2019ರ ಮಾರ್ಚ್‌ನಲ್ಲಿ ಪರ್ಮನೆಂಟ್ ಆದ್ಮೇಲೆ ಆ ಸೀಸನ್‌ನ ಉಳಿದ 10ರಲ್ಲಿ ಗೆದ್ದಿದ್ದು ಎರಡೇ. ಅಷ್ಟು ಗೆದ್ದವನಿಗೇ ಹಾಗಾಯ್ತು.

---

ಎನ್‌ಫೀಲ್ಡ್_ಕನ್ನಡಿಗ

ನಾನು ಲಂಡನ್‌ನಲ್ಲೇ ಇರೋದು, ಮೇಸನ್ ಹುಟ್ಟಿದ ಊರಿನ ಕಡೆನೇ ನಮ್ಮನೆ. ಬ್ರೆಂಟ್‌ಫರ್ಡ್ ಮ್ಯಾಚ್‌ಗೆ ಸ್ಟೇಡಿಯಂ ಒಳಗಿದ್ದೆ. ಜನ ಕೂಗಿದ್ದೆಲ್ಲ ಲೆವಿ ಮೇಲೆ, ಮೇಸನ್ ಮೇಲೆ ಯಾರಿಗೂ ಸಿಟ್ಟಿರ್ಲಿಲ್ಲ.

ನೀವೆಲ್ಲ ಮೇಸನ್ ತಕ್ಕವನಾ ಅಂತ ಕೇಳ್ತಿದೀರ, ನಾನು ಕೇಳೋದು ಈ ಕ್ಲಬ್ ಇವತ್ತು ಒಬ್ಬ ಹುಡುಗನನ್ನ ನೋಡ್ಕೊಳ್ಳೋ ಸ್ಥಿತೀಲಿದೆಯಾ ಅಂತ. ಪ್ಲೇಯರ್ ಖರೀದಿ ನೋಡ್ಕೊಳ್ತಿದ್ದ ಡೈರೆಕ್ಟರ್ ಪರಾಟಿಚಿ ಫೀಫಾ ಬ್ಯಾನ್‌ನಿಂದ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ರು, ಆ ಕುರ್ಚಿ ಖಾಲಿ. ಪ್ಲೇಯರ್ ಯಾರು ಬೇಕು ಅಂತ ಹೇಳೋರಿಲ್ಲ. ಲೀಗಲ್ಲಿ 63 ಗೋಲ್ ತಿಂದಿರೋ ಡಿಫೆನ್ಸ್ ಇಡೀ ಬದಲಾಗ್ಬೇಕು, ಗೋಲ್‌ಕೀಪರ್ ಬೇಕು. ಕೇನ್ ಈ ಕೆಟ್ಟ ಟೀಮಲ್ಲೂ 30 ಲೀಗ್ ಗೋಲ್ ಹೊಡೆದ, ಅವನ ಕಾಂಟ್ರ್ಯಾಕ್ಟ್ ಇನ್ನೊಂದೇ ವರ್ಷ, ಹೋಗ್ತಾನಾ ಇರ್ತಾನಾ ಗೊತ್ತಿಲ್ಲ. ಇಷ್ಟನ್ನೂ 31 ವರ್ಷದವನ ತಲೆ ಮೇಲೆ ಹೇರಿ ಅಕ್ಟೋಬರ್‌ನಲ್ಲಿ 12ನೇ ಸ್ಥಾನದಲ್ಲಿದ್ರೆ, ಇವತ್ತು ಅವನನ್ನ ಬಿಟ್ಟಿರೋ ಆ ಕೂಗು ಅವನ ಮೇಲೇ ಬೀಳುತ್ತೆ. ಮುಂಚೆ ಇಲ್ಲಿ ಕೋಚ್ ಆಗಿದ್ದ ನೂನೋಗೆ ಏನಾಯ್ತು ನೆನಪಿದೆಯಲ್ಲ, 2021ರ ಜೂನ್ 30ಕ್ಕೆ ಬಂದ್ರು, ನವೆಂಬರ್ 1ಕ್ಕೆ ಮನೆಗೆ ಹೋದ್ರು.

ಶೆರ್‌ವುಡ್ ಕೂಡ ಅಷ್ಟೇ. 2013ರ ಡಿಸೆಂಬರ್‌ನಲ್ಲಿ ಕೋಚ್ ವಿಲ್ಲಾಸ್ ಬೋಆಸ್‌ನ ತೆಗೆದು ಒಳಗಿನವನು ಅಂತ ಅವನಿಗೆ ಒಂದೂವರೆ ವರ್ಷದ ಕಾಂಟ್ರ್ಯಾಕ್ಟ್ ಕೊಟ್ರು, ಮೇ ತಿಂಗಳಿಗೆ ತೆಗೆದ್ರು. ಕೇನ್‌ಗೆ ಲೀಗಲ್ಲಿ ಸರಿಯಾಗಿ ಆಡೋಕೆ ಬಿಟ್ಟಿದ್ದು ಅವನೇ, ಯಾರು ನೆನೆಸ್ಕೊಳ್ತಾರೆ? ಮೇಸನ್‌ಗೆ ಈ ಕ್ಲಬ್ ಅಂದ್ರೆ ಪ್ರಾಣ, ಅದಕ್ಕೇ ಅವನನ್ನ ಈಗ ಆ ಕುರ್ಚಿ ಮೇಲೆ ಕೂರಿಸೋದು ನನಗೆ ಬೇಡ. ಹೊಸ ಕೋಚ್ ಜೊತೆ ಸ್ಟಾಫಲ್ಲಿ ಉಳೀಲಿ, ಇಲ್ಲಾಂದ್ರೆ ಎರಡನೇ ದರ್ಜೆ ಲೀಗ್ ಆದ ಚಾಂಪಿಯನ್‌ಶಿಪ್‌ನ ಯಾವ್ದಾದ್ರೂ ಕ್ಲಬ್ಬಲ್ಲಿ 46 ಮ್ಯಾಚ್‌ನ ಪೂರ್ತಿ ಸೀಸನ್ ನಡೆಸಲಿ.

---

ಲಿಲಿವೈಟ್_ಜಯನಗರ

ಎನ್‌ಫೀಲ್ಡ್ ಸಾರ್, ನೀವು ಹೇಳಿದ್ದು ಮನಸ್ಸಿಗೆ ನಾಟ್ತು. ಆದ್ರೂ ಒಂದು ಮಾತು ಇದೆ. ಮೊರಿನ್ಯೊ, ನೂನೋ, ಕಾಂಟೆ, ಮೂವರೂ ಅನುಭವ ಇದ್ದವ್ರೇ, ಮೂವರನ್ನೂ ಕ್ಲಬ್ ನೋಡ್ಕೊಳ್ಳಲಿಲ್ಲ. ಕ್ಲಬ್ ಸರಿ ಹೋಗೋವರೆಗೂ ಕಾಯೋದಾದ್ರೆ ಅಕಾಡೆಮಿಯಿಂದ ಬಂದ ಯಾರಿಗೂ ಯಾವತ್ತೂ ಸರದಿ ಬರಲ್ಲ. ಮೂರು ವರ್ಷದ ಕಾಂಟ್ರ್ಯಾಕ್ಟ್, ಪಕ್ಕದಲ್ಲಿ ಒಬ್ಬ ಹಿರಿಯ ಅಸಿಸ್ಟೆಂಟ್, ಮೇಲೊಬ್ಬ ಸರಿಯಾದ ಸ್ಪೋರ್ಟಿಂಗ್ ಡೈರೆಕ್ಟರ್, ಇಷ್ಟು ಕೊಟ್ರೆ ನಾನು ಈಗ್ಲೂ ಮೇಸನ್ ಅಂತೀನಿ. ಇದ್ಯಾವ್ದೂ ಇಲ್ದೆ ಬರೀ ಪೇಪರ್ ಮೇಲೆ ಸೈನ್ ಹಾಕಿಸಿ ಬಿಡೋದಾದ್ರೆ ಅವನೇ ಬೇಡ ಅನ್ಲಿ.

---

ಎನ್‌ಫೀಲ್ಡ್_ಕನ್ನಡಿಗ

ಆ ಷರತ್ತುಗಳಿದ್ರೆ ನನ್ನದೂ ವಿರೋಧ ಇಲ್ಲ. ಆದ್ರೆ ಟೈಮ್ ನೋಡಿ. ಸ್ಕಾಟ್ಲೆಂಡ್‌ನ ಸೆಲ್ಟಿಕ್ ಕ್ಲಬ್ ಕೋಚ್ ಪೋಸ್ಟೆಕೊಗ್ಲು ಹೆಸರು ಇಲ್ಲಿ ಜೋರಾಗಿ ಓಡಾಡ್ತಿದೆ, ಅವ್ರಿಗೆ ಶನಿವಾರ ಸ್ಕಾಟಿಷ್ ಕಪ್ ಫೈನಲ್ ಇದೆ, ಅದು ಮುಗಿಯೋವರೆಗೂ ಏನೂ ಆಗಲ್ಲ. ಜುಲೈ 18ಕ್ಕೆ ಪರ್ತ್‌ನಲ್ಲಿ ವೆಸ್ಟ್ ಹ್ಯಾಮ್ ಜೊತೆ ಪ್ರೀ ಸೀಸನ್ ಮ್ಯಾಚ್. ಸ್ಪೋರ್ಟಿಂಗ್ ಡೈರೆಕ್ಟರ್ ಹುಡುಕಿ, ಅವ್ರು ಕೋಚ್ ಆರಿಸಿ, ಕೋಚ್ ಪ್ಲೇಯರ್ ಆರಿಸೋಕೆ ಉಳಿದಿರೋದು ಏಳು ವಾರ, ಕೋಚ್ ಮೊದಲು ಬರ್ತಾನೆ ಡೈರೆಕ್ಟರ್ ಆಮೇಲೆ ಅಂತಾನೇ ನನಗನ್ಸೋದು. ಹಾಗಾದ್ರೆ ಆ ಕೋಚ್ ಮೇಸನ್ ಆಗೋದು ಬೇಡ.