ಅಮ್ಮನ ಜಕಣಾಚಾರಿ, ಮಗಳ ಶಾಸನ: ಬೇಲೂರಿಗೆ ಹೋಗುವ ಮುನ್ನ ಒಂದು ಸಲಹೆ ಬೇಕು

ಪ್ರಶ್ನೆ (ಮಂಡ್ಯದ ಗೃಹಸ್ಥ):

ಕಳೆದ ಭಾನುವಾರ ಅಮ್ಮ, ಹೆಂಡತಿ ಮತ್ತು ಎಂಟನೆಯ ತರಗತಿಯ ಮಗಳನ್ನು ಕರೆದುಕೊಂಡು ಸೋಮನಾಥಪುರಕ್ಕೆ ಹೋಗಿದ್ದೆ. ಅಮ್ಮ ಹಣ್ಣು, ಕಾಯಿ, ಊದಿನಕಡ್ಡಿ, ಒಂದು ಮೊಳ ಮಲ್ಲಿಗೆ ಎಲ್ಲವನ್ನೂ ಬುಟ್ಟಿಯಲ್ಲಿ ಜೋಡಿಸಿಕೊಂಡು ಬಂದಿದ್ದರು. ಅಲ್ಲಿ ಪೂಜೆ ನಡೆಯುವುದಿಲ್ಲವೆಂದು ಮೊದಲೇ ತಿಳಿಸದೆ ಹೋದದ್ದು ನನ್ನದೇ ತಪ್ಪು. ವೇಣುಗೋಪಾಲನ ಮುಂದೆ ಬಹಳ ಹೊತ್ತು ಕೈಮುಗಿದು ನಿಂತ ಅಮ್ಮ ಕೊನೆಗೆ ಮಲ್ಲಿಗೆಯನ್ನು ಹೊಸ್ತಿಲ ಮೇಲಿಟ್ಟರು. ಕಾವಲುಗಾರರು ಹಾಗೆ ಇಡುವಂತಿಲ್ಲವೆಂದು ಮೆಲ್ಲಗೆ ಹೇಳಿದಾಗ, ‘ದೇವರಿಗೆ ತೋರಿಸಿ ಆಯಿತಲ್ಲ, ಇನ್ನು ಪ್ರಸಾದ’ ಎಂದು ಅದನ್ನೆತ್ತಿ ಮೊಮ್ಮಗಳ ಜಡೆಗೆ ಮುಡಿಸಿದರು.

ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಸುತ್ತಿನ ಕೈಸಾಲೆಯಲ್ಲಿ ಕುಳಿತಾಗ ಅಮ್ಮ ತಮ್ಮ ತಾತನಿಂದ ಕೇಳಿದ ಜಕಣಾಚಾರಿಯ ಕಥೆ ಆರಂಭಿಸಿದರು. ಈ ಗುಡಿಯನ್ನೂ ಬೇಲೂರನ್ನೂ ಆತನೇ ಕಟ್ಟಿದನೆಂದೂ, ಬೇಲೂರಿನಲ್ಲಿ ಆತ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಮಗ ಡಂಕಣನೇ ತೋರಿಸಿಕೊಟ್ಟಾಗ ಕಲ್ಲಿನೊಳಗಿಂದ ಕಪ್ಪೆ ಹೊರಬಂದಿತೆಂದೂ ಹೇಳಿದರು. ಮಗಳು ನಡುವೆಯೇ ತಡೆದು, ಜಕಣಾಚಾರಿಯ ಹೆಸರು ಆ ಕಾಲದ ಯಾವ ಶಾಸನದಲ್ಲಿಯೂ ಇಲ್ಲ, ಬೇಲೂರಿನ ಪ್ರತಿಷ್ಠೆ 1117ರಲ್ಲಿ, ಸೋಮನಾಥಪುರದ್ದು 1268ರಲ್ಲಿ, ಒಬ್ಬನೇ ಮನುಷ್ಯ 150 ವರ್ಷ ಹೇಗೆ ಕೆತ್ತುತ್ತಾನೆ ಎಂದು ಕೇಳಿದಳು. ಬನ್ನೂರು ದಾಟುವವರೆಗೂ ಅಮ್ಮ ಮಾತನಾಡಲಿಲ್ಲ. ಆಮೇಲೆ, ‘ಹಾಗಾದರೆ ನಮ್ಮ ತಾತ ಹೇಳಿದ್ದೆಲ್ಲ ಸುಳ್ಳೇ?’ ಎಂದಷ್ಟೇ ಕೇಳಿದರು. ಮುಂದಿನ ತಿಂಗಳು ಬೇಲೂರಿಗೇ ಹೋಗುವುದೆಂದು ನಿಶ್ಚಯವಾಗಿದೆ. ಆ ಕಪ್ಪೆಯ ಕಥೆ ಹೊತ್ತ ಕಪ್ಪೆ ಚೆನ್ನಿಗರಾಯನ ವಿಗ್ರಹದ ಮುಂದೆ ನಾನು ಯಾರ ಪಕ್ಷ ವಹಿಸಲಿ?

ಉತ್ತರ (ನಿವೃತ್ತ ಇತಿಹಾಸ ಮೇಷ್ಟ್ರು):

ನಿಮ್ಮ ಮಗಳು ಹೇಳಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳು ಅರ್ಧದಲ್ಲಿ ನಿಲ್ಲಿಸಿದ್ದಾಳೆ. ಜಕಣಾಚಾರಿ ಇರಲಿಲ್ಲವಾದರೆ ಕೆತ್ತಿದವರು ಯಾರು ಎಂಬ ಪ್ರಶ್ನೆಗೆ ಹೊಯ್ಸಳರ ಗುಡಿಗಳು ತಾವೇ ಉತ್ತರ ಕೊಡುತ್ತವೆ, ಏಕೆಂದರೆ ಅಲ್ಲಿನ ರೂವಾರಿಗಳು, ಅಂದರೆ ಶಿಲ್ಪಿಗಳು, ತಾವು ಕೆತ್ತಿದ ವಿಗ್ರಹದ ಪೀಠದಲ್ಲಿ ಹೆಸರು ಬರೆಯುವ ರೂಢಿ ಇಟ್ಟುಕೊಂಡಿದ್ದರು. ಸೋಮನಾಥಪುರದ ಹೊರಗೋಡೆಯಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಕೆಲವೆಡೆ ಆತ ಬರಿಯ ‘ಮ’ ಎಂದು ಕೆತ್ತಿ ಮುಂದಿನ ಕೆಲಸಕ್ಕೆ ಹೋಗಿಬಿಟ್ಟಿದ್ದಾನೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣ ಇಬ್ಬರ ಹೆಸರುಗಳೂ ಇವೆ. ಅಪ್ಪ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದದ್ದಂತೂ ನಿಜ. ಇದರಿಂದ ಕಪ್ಪೆಯ ಕಥೆ ನಿಜವಾಗುವುದಿಲ್ಲ, ಆದರೆ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಬಗ್ಗಿ ನೋಡುವುದಕ್ಕೆ ಒಂದು ಜಾಗ ಸಿಗುತ್ತದೆ.

ಉತ್ತರ (ಹಾಸನದ ಸೊಸೆ):

ಬೇಲೂರಿನಲ್ಲಿ ಪೂಜೆ ಇಂದಿಗೂ ನಡೆಯುತ್ತದೆ, ಆದ್ದರಿಂದ ಅಮ್ಮನವರ ಬುಟ್ಟಿ ಈ ಬಾರಿ ಹಾಗೆಯೇ ಹಿಂದಿರುಗುವುದಿಲ್ಲ. ಬೆಳಿಗ್ಗೆಯೇ ಹೋಗಿ, ಮೊದಲು ಅರ್ಚನೆ ಮಾಡಿಸಿ, ಆಮೇಲೆ ಶಿಲ್ಪ ನೋಡಿ; ಹಸಿವಿನಲ್ಲಿ ಇತಿಹಾಸ ಯಾರಿಗೂ ರುಚಿಸುವುದಿಲ್ಲ. ಇನ್ನೊಂದು ಮಾತು. ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವರು ವಿಷ್ಣುವರ್ಧನನ ರಾಣಿ ಶಾಂತಲಾದೇವಿ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನರು. ಶಾಂತಲೆಯೂ ಜಿನಭಕ್ತೆಯೇ, ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವರೂ ಅವರೇ. ಒಂದೇ ಮನೆಯಲ್ಲಿ ಇಷ್ಟು ದೇವರು ಹೊಂದಿಕೊಂಡಿದ್ದರೆಂದ ಮೇಲೆ, ನಿಮ್ಮ ಕಾರಿನಲ್ಲಿ ಒಂದು ಕಥೆಯೂ ಒಂದು ಶಾಸನವೂ ಹೊಂದಿಕೊಳ್ಳಲಾರವೇ? ನನ್ನ ಅತ್ತೆಗೆ ನಾನು ಈ ಸಂಗತಿ ಹೇಳಿದಾಗ ಅವರು ಮೊದಲು ಕೇಳಿದ್ದು, ಆ ಮನೆಯಲ್ಲಿ ಅಡುಗೆಯನ್ನು ಯಾರ ಪದ್ಧತಿಯಲ್ಲಿ ಮಾಡುತ್ತಿದ್ದರು ಎಂದು!

ಉತ್ತರ (ಭಿನ್ನಮತ):

ಕ್ಷಮಿಸಿ, ನಾನು ಇಷ್ಟು ಸಲೀಸಾಗಿ ಒಪ್ಪಲಾರೆ. ಜಕಣಾಚಾರಿಯ ಕಥೆ ಸೊಗಸಾಗಿದೆ, ಆದರೆ ನೂರಾರು ಜನರ ಬೆವರನ್ನು ಅದು ಒಬ್ಬನ ಖಾತೆಗೆ ಜಮಾ ಮಾಡುತ್ತದೆ. ದಾಸೋಜ, ಚಾವಣ, ಮಲ್ಲಿತಮ್ಮ ಕಲ್ಲಿನಲ್ಲಿ ಹೆಸರು ಕೊರೆದಿಟ್ಟರೂ ನಾವು ಅವರನ್ನು ಮರೆತದ್ದಕ್ಕೆ ಅದೂ ಒಂದು ಕಾರಣ. ತಾನು ಸುಮ್ಮನಿರಬೇಕಿತ್ತು ಎಂದು ಮಗಳಿಗೆ ಅನ್ನಿಸದಂತೆ ನೋಡಿಕೊಳ್ಳಿ. ಕಥೆ ಮುಗಿಯುವವರೆಗೆ ಕಾಯಬೇಕಿತ್ತು, ಅಷ್ಟೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಮೇಷ್ಟ್ರ ಮಾತು ಓದಿದ ಮೇಲೆ ಮಗಳು ಅಂದು ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನೆಲ್ಲ ಒಂದೊಂದಾಗಿ ದೊಡ್ಡದು ಮಾಡಿ ಹುಡುಕಿದಳು. ಒಂದು ವಿಗ್ರಹದ ಪೀಠದ ಅಂಚಿನಲ್ಲಿ, ನೆರಳು ಬಿದ್ದ ಕಡೆ, ಅಕ್ಷರಗಳು ಕಂಡವು. ಅಮ್ಮ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬೆರಳಾಡಿಸಿ, ‘ಇದು ನಮ್ಮ ಮ ತರಹವೇ ಇದೆಯಲ್ಲ’ ಎಂದರು. ಮಲ್ಲಿತಮ್ಮ ಎಂಬ ಹೆಸರು ಅವರಿಗೆ ತುಂಬಾ ಹಿಡಿಸಿದೆ. ಆತನಿಗೂ ಮಗನಿದ್ದನೇ, ಮಗ ಏನಾದರೂ ತಪ್ಪು ಹಿಡಿದನೇ ಎಂದು ನಿನ್ನೆಯಿಂದ ಮೊಮ್ಮಗಳನ್ನು ಕೇಳುತ್ತಿದ್ದಾರೆ.