ಹಳೇ ಡೆಸ್ಕ್‌ಟಾಪ್‌ಗೆ ರ‍್ಯಾಮ್ ಹಾಕ್ಸಿದ್ರೆ ಸಾಕಾ, ಬೋರ್ಡೇ ಚೇಂಜ್ ಮಾಡ್ಬೇಕಾ? ಹಾಕ್ಸಿದವ್ರು ಹೇಳಿ

ಎಲ್ರಿಗೂ ನಮಸ್ಕಾರ, ತುಮಕೂರಲ್ಲಿರೋದು. ಮನೇಲಿ 2013ರಲ್ಲಿ ಅಸೆಂಬಲ್ ಮಾಡ್ಸಿದ ಡೆಸ್ಕ್‌ಟಾಪ್ ಇದೆ, ಇಂಟೆಲ್ ಐ3 ಮೂರನೇ ಜನರೇಷನ್, ಎಚ್61 ಮದರ್‌ಬೋರ್ಡು, ರ‍್ಯಾಮ್ 4 ಜಿಬಿ (2ರದ್ದು ಎರಡು), 500 ಜಿಬಿ ಹಾರ್ಡ್ ಡಿಸ್ಕು, ವಿಂಡೋಸ್ 10. ಮನೆಯವ್ರು ಟ್ಯಾಲೀಲಿ ಒಂದೆರಡು ಅಂಗಡಿ ಲೆಕ್ಕ ಬರೀತಾರೆ, ಮಗಳು ಪಿಯುಸಿ, ಅವ್ಳು ಕ್ರೋಮ್ ತೆಗೆದು ಒಂದು ವಿಡಿಯೋ ಒಂದೆರಡು ಪಿಡಿಎಫ್ ಇಟ್ಕೊಂಡ್ರೆ ಸಾಕು ಮೌಸೇ ಅಲ್ಲಾಡಲ್ಲ. ಒಬ್ರು ಅಂಗಡಿಯವ್ರನ್ನ ಕೇಳಿದ್ದಕ್ಕೆ ಇದಕ್ಕೆಲ್ಲ ಈಗ ರ‍್ಯಾಮ್ ಬರಲ್ಲ ಸಾರ್, ಬೋರ್ಡು ಪ್ರೊಸೆಸರ್ ಎಲ್ಲಾ ಬದಲಾಯಿಸ್ಬಿಡಿ ಅಂತ ದೊಡ್ಡ ಎಸ್ಟಿಮೇಟ್ ಬರೆದು ಕೊಟ್ರು. ಬರೀ ರ‍್ಯಾಮ್ ಹಾಕಿದ್ರೆ ಆಗಲ್ವಾ? 8 ಸಾಕಾ 16 ಬೇಕಾ? ಎಲ್ಲಿ ತಗೊಂಡ್ರಿ, ನೀವೇ ಹಾಕ್ಕೊಂಡ್ರಾ?

ಕ್ಯಾತ್ಸಂದ್ರದಿಂದ

ರ‍್ಯಾಮ್ ಬರಲ್ಲ ಅನ್ನೋದೇನೂ ಇಲ್ಲ ಸಾರ್, ಹೊಸದು ಅಂಗಡೀಲಿ ಇಟ್ಟಿರಲ್ಲ ಅಷ್ಟೆ. ನಿಮ್ಮದು ಡಿಡಿಆರ್3, ಅಂದ್ರೆ ಮೂರನೇ ತಲೆಮಾರಿನ ರ‍್ಯಾಮ್, ಆಫೀಸು ಕಾಲೇಜುಗಳಿಂದ ಬಿಚ್ಚಿದ ಮಾಲು ಎಷ್ಟು ಬೇಕಾದ್ರೂ ಓಡಾಡ್ತಿದೆ. ಆದ್ರೆ ದುಡ್ಡು ಹಾಕೋಕೆ ಮುಂಚೆ ಒಂದ್ ಕೆಲ್ಸ ಮಾಡಿ. ಮಾಮೂಲಿ ಕೆಲ್ಸ ನಡೀತಿರ್ಬೇಕಾದ್ರೆ, ಅಂದ್ರೆ ಟ್ಯಾಲಿ ಕ್ರೋಮ್ ಎರಡೂ ತೆಗೆದಿರೋವಾಗ್ಲೇ, ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಅದ್ರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಎಷ್ಟು ಪರ್ಸೆಂಟ್ ತೋರಿಸ್ತಿದೆ, ಡಿಸ್ಕ್ ಎಷ್ಟು ತೋರಿಸ್ತಿದೆ ನೋಡಿ. ಅಲ್ಲೇ ಕೆಳಗೆ ಸ್ಪೀಡು, ಎಷ್ಟು ಸ್ಲಾಟ್‌ನಲ್ಲಿ ಎಷ್ಟು ತುಂಬಿದೆ ಅಂತಾನೂ ಇರುತ್ತೆ. ಇನ್ನೊಂದು, ಸಿಸ್ಟಂ ಪ್ರಾಪರ್ಟೀಸ್‌ನಲ್ಲಿ ವಿಂಡೋಸ್ 32 ಬಿಟ್ಟಾ 64 ಬಿಟ್ಟಾ ನೋಡ್ಕೊಳ್ಳಿ. ಆಗಿನ ಕಾಲಕ್ಕೆ ತುಂಬಾ ಜನಕ್ಕೆ 32 ಬಿಟ್ ಹಾಕಿ ಕಳಿಸಿದ್ರು, ಅದು 32 ಆಗಿದ್ರೆ ನೀವು 16 ಜಿಬಿ ಹಾಕಿದ್ರೂ 4 ದಾಟಲ್ಲ, 3 ಚಿಲ್ಲರೆ ಮಾತ್ರ ಉಪಯೋಗಕ್ಕೆ ಅಂತ ತೋರ್ಸುತ್ತೆ. ಅಂಥದ್ದನ್ನ ಮೊದ್ಲು 64 ಬಿಟ್‌ಗೆ ಹೊಸದಾಗಿ ಹಾಕ್ಬೇಕು, ಅಪ್‌ಗ್ರೇಡ್ ಆಗಲ್ಲ, ಫಾರ್ಮ್ಯಾಟೇ ಮಾಡ್ಬೇಕು, ಟ್ಯಾಲಿ ಡೇಟಾ ಬ್ಯಾಕಪ್ ತಗೊಂಡೇ ಕೈ ಹಾಕಿ.

ಶಿರಾದಿಂದ

ರ‍್ಯಾಮ್ ಆಮೇಲೆ, ಮೊದ್ಲು ಎಸ್ಎಸ್‌ಡಿ ಹಾಕಿ ಗುರು, ತಿರುಗೋ ಭಾಗ ಇಲ್ಲದ ಚಿಪ್ ಡಿಸ್ಕು ಅದು. ನಮ್ಮನೇದೂ ಸುಮಾರಾಗಿ ಇದೇ ಕಾನ್ಫಿಗರೇಷನ್ನು, 4 ಜಿಬೀನೇ ಈಗ್ಲೂ, ಹಾರ್ಡ್ ಡಿಸ್ಕ್ ತೆಗೆದು 240 ಜಿಬಿ ಸಾಟಾ ಎಸ್ಎಸ್‌ಡಿ ಹಾಕಿದ್ಮೇಲೆ ಆನ್ ಮಾಡಿ ಟೀ ಕುಡ್ದು ಬರೋ ಕತೆ ನಿಂತೋಯ್ತು. ಎಚ್61ರಲ್ಲಿ ಇರೋದು ಹಳೇ ಸಾಟಾ (ಡಿಸ್ಕ್ ಜೋಡಿಸೋ ಕನೆಕ್ಷನ್), ಸೆಕೆಂಡಿಗೆ 3 ಗಿಗಾಬಿಟ್‌ದು, ಎಸ್ಎಸ್‌ಡಿ ಪೂರ್ತಿ ಸ್ಪೀಡ್ ಸಿಗಲ್ಲ ಅಂತ ಯಾರಾದ್ರೂ ಹೇಳ್ತಾರೆ, ನಿಜಾನೆ, ಆದ್ರೂ ಹಾರ್ಡ್ ಡಿಸ್ಕ್ ಅದ್ರ ಹತ್ರಾನೂ ಬರಲ್ಲ.

ಪ್ರಶ್ನೆ ಕೇಳಿದವ್ರು

ನೋಡ್ದೆ. 64 ಬಿಟ್ಟೇ ಇದೆ. ಸ್ಲಾಟ್ 2ರಲ್ಲಿ 2 ತುಂಬಿದೆ, ಸ್ಪೀಡ್ 1333. ಕ್ರೋಮ್ ಟ್ಯಾಲಿ ಎರಡೂ ಇದ್ದಾಗ ಮೆಮೊರಿ 90 ದಾಟುತ್ತೆ, ಡಿಸ್ಕ್ ಮಾತ್ರ 100ರಲ್ಲೇ ಅಂಟ್ಕೊಂಡಿರುತ್ತೆ. ಹಂಗಾದ್ರೆ ಹಾರ್ಡ್ ಡಿಸ್ಕೇ ಪ್ರಾಬ್ಲಮ್ಮಾ?

ಚಿಂತಾಮಣಿಯಿಂದ

ನಾನು ಸರ್ವೀಸ್ ಲೈನಲ್ಲಿ ಇದೀನಿ, ಚಿಂತಾಮಣಿ ಚಿಕ್ಕಬಳ್ಳಾಪುರ ಎರಡೂ ಕಡೆ ಇಂಥ ಮಷೀನೇ ಜಾಸ್ತಿ ಬರೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ.

ಡಿಸ್ಕ್ 100 ಅಂತ ತೋರ್ಸಿದ ತಕ್ಷಣ ಡಿಸ್ಕೇ ಕಾರಣ ಅಂತ ಹೇಳಕ್ಕಾಗಲ್ಲ ಅಣ್ಣ. ರ‍್ಯಾಮ್ ತುಂಬ್ಕೊಂಡಾಗ ವಿಂಡೋಸು ಸದ್ಯಕ್ಕೆ ಬೇಡದ್ದನ್ನೆಲ್ಲ ಪೇಜ್ ಫೈಲ್ ಅಂತ ಹಾರ್ಡ್ ಡಿಸ್ಕಲ್ಲಿ ಬರೆದಿಡುತ್ತೆ, ನೀವು ಟ್ಯಾಲಿಯಿಂದ ಕ್ರೋಮ್‌ಗೆ ಬಂದ್ರೆ ಮತ್ತೆ ಅಲ್ಲಿಂದ ಓದಿ ತರ್ಬೇಕು, ವಾಪಸ್ ಹೋದ್ರೆ ಮತ್ತೆ ಇದನ್ನ ಬರೆದು ಅದನ್ನ ತರ್ಬೇಕು, ಪಾಪ ತಿರುಗೋ ಡಿಸ್ಕು ಅಷ್ಟು ಓಡಾಡೋಕಾಗ್ದೆ ಕೂತ್ಬಿಡುತ್ತೆ. ನಿಮ್ಮ ಕೇಸಲ್ಲಿ ಮೆಮೊರಿ 90 ದಾಟ್ತಿದೆ ಅಂದ್ರೆ ಡಿಸ್ಕ್ ಮೇಲಿನ ಭಾರದಲ್ಲಿ ದೊಡ್ಡ ಪಾಲು ರ‍್ಯಾಮ್ ಕಮ್ಮಿ ಇರೋದ್ರಿಂದಾನೇ ಬಂದಿರೋದು. ಶಿರಾದವ್ರು ಹೇಳಿದ್ದೂ ಸುಳ್ಳಲ್ಲ, ಎಸ್ಎಸ್‌ಡಿ ಹಾಕಿದ್ರೆ ಅದೇ ಪೇಜ್ ಫೈಲ್ ಬೇಗ ಓದುತ್ತೆ ಅದಕ್ಕೆ ಸಲೀಸು ಅನ್ಸುತ್ತೆ, ಆದ್ರೆ 4 ಜಿಬಿ 4 ಜಿಬೀನೇ, ಕ್ರೋಮ್‌ನಲ್ಲಿ ಟ್ಯಾಬ್ ಜಾಸ್ತಿ ಆದಂಗೆಲ್ಲ ಅದು ಬೇರೆ ಬೇರೆ ಪ್ರೋಸೆಸ್ ಮಾಡ್ಕೊಂಡು ತಿಂತಾ ಹೋಗುತ್ತೆ. ಜೊತೆಗೆ ನಿಮಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸೂ ಇದೇ 4ರಲ್ಲಿ ಪಾಲು ತಗೊಳುತ್ತೆ. ಆದ್ರಿಂದ ನಿಮಗೆ ಮೊದ್ಲು ರ‍್ಯಾಮು, ಕೈ ಆಡಿದಾಗ ಎಸ್ಎಸ್‌ಡಿ. ಮೆಮೊರಿ 50 60ರಲ್ಲೇ ಇದ್ದು ಡಿಸ್ಕ್ ಮಾತ್ರ 100 ಇದ್ದಿದ್ರೆ ನಾನೂ ಎಸ್ಎಸ್‌ಡಿ ಅಂತಾನೇ ಅಂತಿದ್ದೆ.

ಈಗ ಯಾವುದು ತಗೊಳ್ಳೋದು. ಎಚ್61ಗೆ ಎರಡೇ ಸ್ಲಾಟು, ಎರಡೂ ತುಂಬಿದೆ, ಸೋ ಇರೋದನ್ನ ತೆಗೀಲೇಬೇಕು. ಬೋರ್ಡ್ ತಡ್ಕೊಳ್ಳೋದು ಜಾಸ್ತಿ ಅಂದ್ರೆ 16. ನನ್ನ ಸಲಹೆ 4ರದ್ದು ಎರಡು, ಒಟ್ಟು 8. ಯಾಕೆ ಒಂದೇ 8ರದ್ದು ಬೇಡ ಅಂದ್ರೆ ಎರಡು ಕಾರಣ. ಒಂದು, ಒಂದೇ ಥರದ ಎರಡು ಸ್ಟಿಕ್ (ರ‍್ಯಾಮ್ ಪಟ್ಟಿ) ಇದ್ರೆ ಎರಡರಿಂದ್ಲೂ ಒಟ್ಟಿಗೆ ಡೇಟಾ ಓಡಾಡುತ್ತೆ, ಅಂದ್ರೆ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತೆ, ಒಳಗಿನ ಗ್ರಾಫಿಕ್ಸ್‌ಗೆ ಅದ್ರಿಂದ ಚೆನ್ನಾಗಿ ಅನುಕೂಲ ಆಗುತ್ತೆ, ವಿಡಿಯೋ ನೋಡೋವಾಗ ಗೊತ್ತಾಗುತ್ತೆ. ಇನ್ನೊಂದು ಕಾರಣ ತುಂಬಾ ಜನಕ್ಕೆ ಗೊತ್ತಿಲ್ಲ, ದುಡ್ಡು ಕಳ್ಕೊಳ್ಳೋದೇ ಇಲ್ಲಿ. ಡಿಡಿಆರ್3ರಲ್ಲಿ 8 ಜಿಬಿ ಸ್ಟಿಕ್ ಎರಡು ಥರ ಬರುತ್ತೆ. ಎರಡೂ ಮಗ್ಗುಲು ಸೇರಿ 16 ಚಿಪ್ ಇರೋದು ಒಂದು, ಅದ್ರಲ್ಲಿ ಒಂದೊಂದು ಚಿಪ್ 4 ಗಿಗಾಬಿಟ್, ಅಂದ್ರೆ ಅರ್ಧ ಜಿಬಿ. ಒಂದೇ ಮಗ್ಗುಲಲ್ಲಿ 8 ಚಿಪ್ ಇರೋದು ಇನ್ನೊಂದು, ಅದ್ರಲ್ಲಿ ಚಿಪ್ಪೊಂದಕ್ಕೆ 8 ಗಿಗಾಬಿಟ್. ಇಂಟೆಲ್ 2, 3, 4ನೇ ಜನರೇಷನ್ ಪ್ರೊಸೆಸರ್ ಒಳಗಿರೋ ಮೆಮೊರಿ ಕಂಟ್ರೋಲರ್‌ಗೆ ಈ ಎರಡನೇ ಥರದ್ದು ಅರ್ಥ ಆಗಲ್ಲ, ಹಾಕಿದ್ರೆ ಡಿಸ್‌ಪ್ಲೇನೇ ಬರಲ್ಲ, ಗಿರಾಕಿ ಬೋರ್ಡ್ ಹೋಯ್ತು ಅಂತ ಅನ್ಕೊಂಡು ಮಷೀನ್ ಎತ್ಕೊಂಡ್ ಬರ್ತಾರೆ. ಬೋರ್ಡ್ ಚೆನ್ನಾಗೇ ಇರುತ್ತೆ. 4 ಜಿಬಿ ಸ್ಟಿಕ್‌ನಲ್ಲಿ ಈ ತಲೆನೋವಿಲ್ಲ. ಆದ್ರೆ ಅದ್ರಲ್ಲೂ ಆನ್‌ಲೈನಲ್ಲಿ ತುಂಬಾ ಕಮ್ಮಿ ರೇಟಿಗೆ ಬರೋದು ನೋಡಿದ್ರೆ ಕೆಳಗೆ ಸಣ್ಣಕ್ಷರದಲ್ಲಿ ಎಎಮ್‌ಡಿಗೆ ಮಾತ್ರ ಅಂತ ಬರೆದಿರ್ತಾರೆ, ಅದು ನಿಜವಾಗ್ಲೂ ಎಎಮ್‌ಡಿ ಬೋರ್ಡಿಗೆ ಮಾತ್ರಾನೇ, ಇಂಟೆಲ್‌ಗೆ ಹಾಕಿದ್ರೆ ಸತ್ರೂ ಆನ್ ಆಗಲ್ಲ.

ಸ್ಪೀಡ್ ಬಗ್ಗೆ ತಲೆ ಕೆಡಿಸ್ಕೋಬೇಡಿ, 3ನೇ ಜನರೇಷನ್ ಐ3 1600ನ್ನೂ ತಗೊಳುತ್ತೆ, 1333 ಸಿಕ್ರೂ ನಡಿಯುತ್ತೆ, ಒಂದು 1600 ಒಂದು 1333 ಹಾಕಿದ್ರೆ ಎರಡೂ ಕಮ್ಮಿ ಇರೋದ್ರ ಸ್ಪೀಡಲ್ಲಿ ಓಡುತ್ತೆ ಅಷ್ಟೆ. ಸಿಪಿಯು-ಝಡ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ನೋಡಿದ್ರೆ 1600 ಬದ್ಲು 800 ಅಂತ ತೋರ್ಸುತ್ತೆ, ಮೋಸ ಏನಿಲ್ಲ, ಅದು ತೋರ್ಸೋದೇ ಅರ್ಧ.

ಬಂಗಾರಪೇಟೆಯಿಂದ

ಮೇಲಿನವ್ರು ಚೆನ್ನಾಗಿ ಹೇಳಿದಾರೆ, ಒಂದ್ ಮಾತು ಸೇರಿಸ್ತೀನಿ. ಇದನ್ನ ಓದ್ತಿರೋ ಬೇರೆಯವ್ರ ಮಷೀನು ಬೇರೆ ಇರುತ್ತೆ, ಡಿಡಿಆರ್3ಗೆ ಡಿಡಿಆರ್4 ಕೂರಲ್ಲ, 4ಕ್ಕೆ 5 ಕೂರಲ್ಲ. ಡೆಸ್ಕ್‌ಟಾಪ್ ಡಿಡಿಆರ್3ಗೆ 240 ಪಿನ್ನು, 4ಕ್ಕೂ 5ಕ್ಕೂ 288, ಆದ್ರೆ ಮಧ್ಯದ ಕಚ್ಚು ಮೂರಕ್ಕೂ ಬೇರೆ ಬೇರೆ ಜಾಗದಲ್ಲಿ ಇರುತ್ತೆ, ಬಲವಂತ ಮಾಡಿದ್ರೆ ಸ್ಲಾಟ್ ಮುರಿಯುತ್ತೆ. 12ನೇ ಜನರೇಷನ್ ಇಂಟೆಲ್ ಇರೋರು ಬೋರ್ಡ್ ಹೆಸರು ನೋಡ್ದೆ ತಗೋಬೇಡಿ, ಅದಕ್ಕೆ 4ರ ಬೋರ್ಡೂ ಇದೆ 5ರ ಬೋರ್ಡೂ ಇದೆ. ಆಲ್ ಇನ್ ಒನ್ ಆಗಿದ್ರೆ ಅದಕ್ಕೆ ಹೆಚ್ಚಾಗಿ ಲ್ಯಾಪ್‌ಟಾಪ್‌ದು ಸಣ್ಣ ಸ್ಟಿಕ್ಕೇ ಬೇಕು.

ತುಮಕೂರು ಎಸ್.ಎಸ್. ಪುರಂನಿಂದ

ನನ್ನ ಅಭಿಪ್ರಾಯ ಬೇರೆ. ಅಂಗಡಿಯವ್ರು ಎಸ್ಟಿಮೇಟ್ ಜಾಸ್ತಿ ಹೇಳಿರ್ಬೋದು ಆದ್ರೆ ಅವ್ರ ಮಾತಲ್ಲಿ ಒಂದ್ ಪಾಯಿಂಟ್ ಇದೆ. ವಿಂಡೋಸ್ 10ಗೆ ಮಾಮೂಲಿ ಸಪೋರ್ಟು 14 ಅಕ್ಟೋಬರ್ 2025ಕ್ಕೇ ಮುಗೀತು, ವಿಂಡೋಸ್ 11 ಕಂಪನಿ ಲೆಕ್ಕದಲ್ಲಿ 8ನೇ ಜನರೇಷನ್‌ಗಿಂತ ಹಳೇ ಇಂಟೆಲ್‌ಗೆ ಬರಲ್ಲ. ಟ್ಯಾಲೀಲಿ ಬೇರೆಯವ್ರ ಅಂಗಡಿ ಲೆಕ್ಕ ಇದೆ ಅಂತೀರಿ. ಇಂಥ ಮಷೀನ್‌ಗೆ ಎಷ್ಟು ಸುರಿಯೋದು?

ಚಿಂತಾಮಣಿಯಿಂದ

ಅದು ಸರಿ ಸಾರ್, ಅದಕ್ಕೇ 16 ಹೇಳ್ಲಿಲ್ಲ. ಹಳೇ ಡಿಡಿಆರ್3 4 ಜಿಬಿ ಎರಡಕ್ಕೆ ಆಗೋದು ಒಂದು ಹೊಸ ಬೋರ್ಡಿನ ಮುಂದೆ ಏನೂ ಅಲ್ಲ, ಮಗು ಪಿಯುಸಿ ಮುಗಿಸೋವರ್ಗೂ ನೂಕ್ಲಿ. ಈಗ ಬೋರ್ಡ್ ಬದಲಾಯಿಸಿದ್ರೆ ಡಿಡಿಆರ್4 ಇಲ್ಲ 5 ತಗೋಬೇಕು, ಅದ್ರ ರೇಟ್ ಇವತ್ತು ಕೇಳಂಗಿಲ್ಲ. 2025ರ ಕೊನೇಲಿಂದ ಎಐ ಡೇಟಾ ಸೆಂಟರ್‌ಗಳಿಗೇ ಮೆಮೊರಿ ಹೋಗ್ತಿದೆ, ಡಿಸೆಂಬರ್ 2025ರಲ್ಲಿ ಮೆಮೊರಿ ಮಾಡೋ ಮೈಕ್ರಾನ್ ಕಂಪನಿಯವ್ರು ನಮ್ಮಂಥ ಗಿರಾಕಿಗಳಿಗೆ ಕ್ರೂಷಿಯಲ್ ಹೆಸರಲ್ಲಿ ಮಾರ್ತಿದ್ದ ವ್ಯಾಪಾರಾನೇ ನಿಲ್ಲಿಸ್ತೀವಿ ಅಂದ್ಬಿಟ್ರು. ಇಂಥ ಟೈಮಲ್ಲಿ ಬೋರ್ಡ್ ಚೇಂಜ್ ಮಾಡಿ ಅನ್ನೋದಕ್ಕೆ ನನಗೆ ಮನಸ್ಸು ಬರಲ್ಲ. ವಿಂಡೋಸ್ ಅಪ್‌ಡೇಟ್ ಭಯ ಇದ್ರೆ ಲಿನಕ್ಸ್ ಮಿಂಟ್ ಹಾಕ್ಬೋದು ಅನ್ಬೋದಿತ್ತು, ಟ್ಯಾಲಿ ಅದ್ರಲ್ಲಿ ನೇರವಾಗಿ ಓಡಲ್ಲ, ಅದಕ್ಕೆ ಆ ಮಾತು ಬೇಡ. ಬ್ಯಾಕಪ್ ಮಾತ್ರ ದಿನಾ ಪೆನ್‌ಡ್ರೈವ್‌ಗೆ ತಗೊಳ್ಳಿ.

ಗುಬ್ಬಿ ಗೇಟ್ ಹತ್ರದಿಂದ

ಎಲ್ಲಿ ತಗೊಳ್ಳೋದು ಅಂತ ಯಾರೂ ಹೇಳ್ಲಿಲ್ವಲ್ಲ. ತುಮಕೂರಲ್ಲೇ ಎಂ.ಜಿ. ರೋಡು ಟೌನ್ ಹಾಲ್ ಸುತ್ತಮುತ್ತ ಮೊದ್ಲು ವಿಚಾರಿಸಿ, ರಿಪೇರಿ ಮಾಡೋ ಸಣ್ಣ ಅಂಗಡಿಗಳಲ್ಲಿ ಕೇಳಿ, ಹೊಸ ಲ್ಯಾಪ್‌ಟಾಪ್ ಶೋರೂಮಲ್ಲಿ ಅಲ್ಲ. ನೂರಿನ್ನೂರು ಜಾಸ್ತಿ ಆದ್ರೂ ಪರವಾಗಿಲ್ಲ, ಸಿಪಿಯು ಅಲ್ಲೇ ಎತ್ಕೊಂಡ್ ಹೋಗಿ ಹಾಕಿ ತೋರ್ಸಿ ಅನ್ಬೋದು, ಆಗ್ದಿದ್ರೆ ಅಲ್ಲೇ ಬದಲಾಯಿಸ್ಬೋದು, ಈ ಅನುಕೂಲ ಬೆಂಗ್ಳೂರಲ್ಲಿ ಇಲ್ಲ. ಬೆಂಗ್ಳೂರಲ್ಲಿ ಕಂಪ್ಯೂಟರ್ ಸಾಮಾನು ಸಿಗೋ ಎಸ್.ಪಿ. ರೋಡ್‌ಗೇ ಹೋಗ್ತೀನಿ ಅಂದ್ರೆ ಬಸ್ಸಲ್ಲಿ ಮಾದಾವರದಲ್ಲಿ ಇಳ್ದು ಹಸಿರು ಮೆಟ್ರೋ ಹತ್ತಿ ಚಿಕ್ಕಪೇಟೇಲಿ ಇಳ್ಕೊಳ್ಳಿ, ಟ್ರಾಫಿಕ್ ತಪ್ಪುತ್ತೆ. ಭಾನುವಾರ ಹೋಗ್ಬೇಡಿ, ಮುಕ್ಕಾಲುವಾಸಿ ಬಾಗ್ಲು ಹಾಕಿರ್ತಾರೆ. ನಿಮ್ಮ ಹಳೇ ಸ್ಟಿಕ್ ಒಂದನ್ನ ಜೇಬಲ್ಲಿ ಇಟ್ಕೊಂಡ್ ಹೋಗಿ, ಕಚ್ಚು ಅಕ್ಕಪಕ್ಕ ಇಟ್ಟು ನೋಡ್ಕೊಬೋದು. ಅಲ್ಲಿ ಹೊಸದು ಅಂತ ಡಬ್ಬಿ ಸಮೇತ ಕೊಟ್ರೂ ಚಿನ್ನದ ಬಣ್ಣದ ಪಿನ್ ಮೇಲೆ ಉಜ್ಜಿದ ಗೆರೆ ಇದೆಯಾ ನೋಡಿ, ಗೆರೆ ಇದ್ರೆ ಹಿಂದೆ ಯಾವ್ದೋ ಬೋರ್ಡಿಗೆ ಹಾಕಿ ತೆಗ್ದಿರೋದು. ಹಳೇದು ತಗೊಳ್ಳೋದೇ ತಪ್ಪಲ್ಲ, ಹಳೇದನ್ನ ಹೊಸ ರೇಟಿಗೆ ತಗೊಳ್ಳೋದು ತಪ್ಪು. ಬಿಲ್ ಇಲ್ದೇ ಇದ್ರೂ ಒಂದ್ ತಿಂಗ್ಳಾದ್ರೂ ವಾಪಸ್ ತಗೋತೀನಿ ಅಂತ ಚೀಟೀಲಿ ಬರೆಸ್ಕೊಳ್ಳಿ.

ಪ್ರಶ್ನೆ ಕೇಳಿದವ್ರು

4ರದ್ದು ಎರಡು ಅಂತ ತೀರ್ಮಾನ ಮಾಡಿದೀನಿ, ಇಲ್ಲೇ ವಿಚಾರಿಸ್ತೀನಿ. ಮನೇಲೇ ಹಾಕೋದಾದ್ರೆ ಕಷ್ಟನಾ, ಶಾಕ್ ಗೀಕ್ ಹೊಡೆಯುತ್ತಾ?

ಕ್ಯಾತ್ಸಂದ್ರದಿಂದ

ನಿಮಗೆ ಹೊಡೆಯಲ್ಲ, ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟು ನಿಮ್ಮಿಂದ ರ‍್ಯಾಮ್‌ಗೆ ಹೊಡೆಯುತ್ತೆ. ಪವರ್ ಕೇಬಲ್ ಪೂರ್ತಿ ಕಿತ್ಬಿಡಿ, ಬರೀ ಸ್ವಿಚ್ ಆಫ್ ಅಲ್ಲ, ಆಮೇಲೆ ಆನ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಂಡ್ರೆ ಒಳಗೆ ಉಳಿದ ಕರೆಂಟೂ ಖಾಲಿ ಆಗುತ್ತೆ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಕಬ್ಬಿಣದ ಭಾಗ ಮುಟ್ಟಿ ಆಮೇಲೆ ಕೈ ಹಾಕಿ. ನಮ್ಮೂರ ಧೂಳಿಗೆ ಒಳಗೆ ಏನೇನಿರುತ್ತೋ, ಬ್ರಷ್ಷಲ್ಲಿ ನಿಧಾನಕ್ಕೆ ತೆಗೀರಿ, ಪಿನ್ ಮಂಕಾಗಿದ್ರೆ ಪೆನ್ಸಿಲ್ ರಬ್ಬರ್‌ನಲ್ಲಿ ಹಗುರಾಗಿ ಉಜ್ಜಿ ಪುಡಿ ಊದ್ಬಿಡಿ. ಸ್ಲಾಟ್ ಪಕ್ಕದ ಕ್ಲಿಪ್ ಹೊರಕ್ಕೆ ತಳ್ಳಿ (ಕೆಲವು ಬೋರ್ಡಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತೆ, ಮುರ್ದೋಗಿದೆ ಅಂತ ಹುಡುಕ್ಬೇಡಿ), ಕಚ್ಚು ನೋಡ್ಕೊಂಡು ನೇರ ಇಟ್ಟು ಎರಡೂ ತುದೀಲಿ ಹೆಬ್ಬೆರಳಿಟ್ಟು ಒತ್ತಿ, ಟಕ್ ಅಂತ ಕ್ಲಿಪ್ ತಾನೇ ಒಳಕ್ಕೆ ಬರ್ಬೇಕು. ಹೊಸಬ್ರು ಹೆದರ್ಕೊಂಡು ಅರ್ಧಕ್ಕೇ ಬಿಟ್ಬಿಡ್ತಾರೆ, ಸ್ವಲ್ಪ ಜೋರಾಗೇ ಒತ್ಬೇಕು ಅದು.

ಆನ್ ಮಾಡಿದಾಗ ಬೀಪ್ ಬೀಪ್ ಅಂತ ಕೂಗ್ಕೊಂಡು ಡಿಸ್‌ಪ್ಲೇ ಬರ್ಲಿಲ್ಲ ಅಂದ್ರೆ ಗಾಬರಿ ಆಗ್ಬೇಡಿ, ಕೇಬಲ್ ಕಿತ್ತು ಒಂದೇ ಸ್ಟಿಕ್ ಹಾಕಿ ನೋಡಿ, ಆಮೇಲೆ ಇನ್ನೊಂದನ್ನ ಅದೇ ಸ್ಲಾಟ್‌ಗೆ ಹಾಕಿ ನೋಡಿ, ಸ್ಟಿಕ್ಕಾ ಸ್ಲಾಟಾ ಗೊತ್ತಾಗುತ್ತೆ. ತಾರೀಖು ಟೈಮು ತಪ್ಪು ತೋರಿಸ್ತಿದ್ರೆ ಬೋರ್ಡ್ ಮೇಲಿನ ಬಿಲ್ಲೆ ಥರದ ಬ್ಯಾಟರಿ, ಸಿಆರ್2032 ಅಂತ, ಅದನ್ನೂ ಇದೇ ಕೈಲಿ ಬದಲಾಯಿಸ್ಬಿಡಿ, ವಾಚ್ ರಿಪೇರಿ ಅಂಗಡೀಲೂ ಸಿಗುತ್ತೆ.

ಚಿಂತಾಮಣಿಯಿಂದ

ಆನ್ ಆಯ್ತು 8 ಜಿಬಿ ತೋರಿಸ್ತು ಅಂತ ಅಲ್ಲಿಗೇ ಬಿಡ್ಬೇಡಿ ಅಣ್ಣ, ಹಳೇ ಮಾಲು ಅಲ್ವಾ. ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಮಲಗೋವಾಗ ಓಡಕ್ಕೆ ಬಿಡಿ, ಬೆಳಗ್ಗೆ ಒಂದೇ ಒಂದು ಎರರ್ ತೋರ್ಸಿದ್ರೂ ವಾಪಸ್ ಕೊಡಿ. ಕೆಟ್ಟ ರ‍್ಯಾಮ್ ಇದ್ರೆ ಮಷೀನ್ ಹ್ಯಾಂಗ್ ಆಗೋದೊಂದೇ ಅಲ್ಲ, ಫೈಲ್ ಸೇವ್ ಮಾಡೋವಾಗ ತಪ್ಪು ಬರೆದುಬಿಡುತ್ತೆ, ಲೆಕ್ಕದ ಮಷೀನಲ್ಲಿ ಅದು ಬೇಡವೇ ಬೇಡ. ಅಲ್ಲೀವರ್ಗೂ ಬಿಚ್ಚಿದ 2 ಜಿಬಿ ಎರಡನ್ನೂ ಯಾರಿಗೂ ಕೊಡ್ಬೇಡಿ, ಪೇಪರಲ್ಲಿ ಸುತ್ತಿ ಎತ್ತಿಡಿ, ಟೆಸ್ಟ್ ಫೇಲ್ ಆದ್ರೆ ಬದ್ಲಿ ಬರೋವರ್ಗೂ ಅವನ್ನೇ ಹಾಕ್ಕೊಂಡ್ರೆ ಟ್ಯಾಲಿ ನಿಲ್ಲಲ್ಲ.