ದವಡೆಯ ತುಣುಕಷ್ಟೇ ಇದ್ದರೆ ಮನುಷ್ಯನದೋ ಚಿಂಪಾಂಜಿಯದೋ ಹೇಗೆ ಹೇಳೋದು?

ಪ್ರಶ್ನೆ: ಚಿಂಪಾಂಜಿ, ಗೊರಿಲ್ಲಾ, ಮನುಷ್ಯ ಮೂರಕ್ಕೂ ಹಲ್ಲು 32, ದಂತಸೂತ್ರವೂ 2.1.2.3 (ಪ್ರತಿ ದವಡೆಯ ಒಂದೊಂದು ಬದಿಗೆ 2 ಬಾಚಿಹಲ್ಲು, 1 ಕೋರೆ, 2 ಮುಂದವಡೆ ಹಲ್ಲು, 3 ದವಡೆಹಲ್ಲು). ಹಾಗಾದರೆ ಪ್ರಾಕ್ಟಿಕಲ್‌ನಲ್ಲಿ ದವಡೆಯ ಅಚ್ಚು ಮಾತ್ರ ಕೊಟ್ಟರೆ ಏನು ನೋಡಬೇಕು?

ಉತ್ತರ 1: ಎಣಿಕೆ ಬಿಡಿ, ಕೋರೆಹಲ್ಲಿನ ಅಕ್ಕಪಕ್ಕ ನೋಡಿ. ಚಿಂಪಾಂಜಿಯ ಮೇಲ್ದವಡೆಯಲ್ಲಿ ಬಾಚಿಹಲ್ಲಿಗೂ ಕೋರೆಗೂ ನಡುವೆ ಸಂದು ಇರುತ್ತೆ. ಬಾಯಿ ಮುಚ್ಚಿದಾಗ ಕೆಳಗಿನ ಕೋರೆ ಅಲ್ಲಿ ಕೂರುತ್ತೆ. ಮೇಲಿನ ಕೋರೆಯ ಹಿಂಬದಿ, ಕೆಳಗಿನ ಮೊದಲ ಮುಂದವಡೆ ಹಲ್ಲಿಗೆ ಉಜ್ಜಿ ಹರಿತವಾಗುತ್ತೆ. ಅದಕ್ಕೇ ಆ ಮುಂದವಡೆ ಹಲ್ಲು ಓರೆಯಾಗಿ, ಒಂದೇ ದೊಡ್ಡ ಮೊನೆಯಿಂದ ಕೂಡಿರುತ್ತೆ. ನಮ್ಮದರಲ್ಲಿ ಸಾಮಾನ್ಯವಾಗಿ ಎರಡು ಮೊನೆ, ಕೋರೆ ತುದಿಯಿಂದ ಸವೆಯುತ್ತೆ. ನನ್ನ ಪ್ರಕಾರ ಆ ಒಂದು ಹಲ್ಲೇ ಸಾಕು.

ಉತ್ತರ 2: ಹೆಣ್ಣು ಚಿಂಪಾಂಜಿಯ ಕೋರೆ ಚಿಕ್ಕದು, ಅಲ್ಲಿ ಎಡವುತ್ತಾರೆ. ಹಲ್ಲುದುರಿದ್ದರೆ ಮೂಳೆ ನೋಡಿ: ವಾನರಗಳ (ಚಿಂಪಾಂಜಿ, ಗೊರಿಲ್ಲಾದಂಥ ಬಾಲವಿಲ್ಲದವು) ದಂತಸಾಲು ಎರಡೂ ಕಡೆ ಹೆಚ್ಚುಕಡಿಮೆ ಸಮಾನಾಂತರ, ಇಂಗ್ಲಿಷಿನ ಯು ಅಕ್ಷರದಂತೆ, ನಮ್ಮದು ಹಿಂದೆ ಅಗಲವಾಗುವ ಕಮಾನು. ಮುಂಚಾಚಿದ ಗದ್ದ ಮನುಷ್ಯನಿಗೆ ಮಾತ್ರ. ತಲೆ ಮೇಲಿನ ಮೂಳೆಏಣನ್ನು ಗೊರಿಲ್ಲಾದ ಗುರುತು ಅಂತ ಉರುಹೊಡೆಯಬೇಡಿ, ಅದು ದೊಡ್ಡ ಗಂಡುಗಳಲ್ಲೇ ಚೆನ್ನಾಗಿ ಬೆಳೆಯೋದು.

ಉತ್ತರ 3: ಅಚ್ಚಿನ ರಾಶಿಯಲ್ಲಿ ಮಂಗದ್ದೂ ಸೇರಿರಬಹುದು, ಹುಷಾರು. ನಮ್ಮೂರ ಕೋತಿಗೂ 2.1.2.3 ಸೂತ್ರವೇ! ಆದರೆ ಅದರ ದವಡೆಹಲ್ಲಿನಲ್ಲಿ ಅಡ್ಡಕ್ಕೆ ಎರಡು ಏಣು. ವಾನರರ ಕೆಳ ದವಡೆಹಲ್ಲಿನಲ್ಲಿ ಐದು ಮೊನೆ, ನಡುವೆ ವೈ ಆಕಾರದ ಗೀರು. ಮನುಷ್ಯನಲ್ಲಿ ಇದನ್ನು ಮೊದಲ ದವಡೆಹಲ್ಲಿನಲ್ಲೇ ಹುಡುಕಿ, ಎರಡನೆಯದರಲ್ಲಿ ಹೆಚ್ಚಾಗಿ ನಾಲ್ಕೇ ಮೊನೆ. ತೀರಾ ಸವೆದಿದ್ದರೆ ಈ ಪರೀಕ್ಷೆ ಕೈಕೊಡುತ್ತೆ.